ತಕ್ಕಡಿಯನ್ನು ತೂಗುವುದು ಯಾವುದು?

ಪ್ರಮಾಣ ಎಂಬ ಮಾತು ಕನ್ನಡದಲ್ಲಿ ಮೂರು ಕಡೆ ಓಡಾಡುತ್ತದೆ. ವೈದ್ಯರ ಚೀಟಿಯಲ್ಲಿ ಅದು ಎಷ್ಟು ಎಂಬ ಲೆಕ್ಕ. ದೇವರ ಮುಂದೆ ನಿಂತು ಮಾಡಿದರೆ ಆಣೆ. ತರ್ಕದ ಗ್ರಂಥಗಳಲ್ಲಿ ಸರಿಯಾದ ಅರಿವಿಗೆ ಸಾಧನ. ಮೂರಕ್ಕೂ ಬೇರು ಸಂಸ್ಕೃತದ ‘ಮಾ’ ಧಾತು. ಅದರ ಅರ್ಥ ಅಳೆ ಎಂದು. ಅಳೆಯುವುದರಿಂದ ವಸ್ತು ತಿಳಿಯುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅಳೆದದ್ದು ಸರಿಯೆಂದು ತಿಳಿಯುವುದು ಹೇಗೆ, ಪ್ರಮಾಣಕ್ಕೆ ಪ್ರಮಾಣ ಯಾವುದು ಎಂದು ಕೇಳಿದಾಗ ಜಗಳ ಶುರುವಾಗುತ್ತದೆ. ಭಾರತದ ದಾರ್ಶನಿಕರು ಈ ಒಂದು ಜಗಳವನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿಡದೆ ನಡೆಸಿದರು. ಅದಕ್ಕೆ ಅವರು ಆರಿಸಿಕೊಂಡ ಮೊದಲ ಉದಾಹರಣೆಗಳಲ್ಲಿ ಒಂದು ತಕ್ಕಡಿ.

ಈ ಪ್ರಶ್ನೆ ಪುಸ್ತಕದಿಂದ ಕೆಳಗಿಳಿದು ಕೈಗೆ ತಗಲುವ ಜಾಗಗಳಿವೆ. ಅಮೆರಿಕದಲ್ಲಿ ಬಂದೂಕಿನ ಹವ್ಯಾಸಿಗಳು ಮನೆಯಲ್ಲೇ ತೋಟಾಗಳನ್ನು ಮರುತುಂಬಿಕೊಳ್ಳುವ ಕೆಲಸ ಅಂಥದೊಂದು. ಸಿಡಿದುಳಿದ ಹಿತ್ತಾಳೆಯ ಕೋಶಕ್ಕೆ ಹೊಸ ಕೇಪು ಕೂರಿಸಿ, ಮದ್ದು ಸುರಿದು, ಬಾಯಿಗೆ ಗುಂಡು ಒತ್ತುತ್ತಾರೆ. ಅಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಮದ್ದನ್ನು ಅಮೆರಿಕದಲ್ಲಿ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಹೆಸರೇ ಹೇಳುವಂತೆ ಇದು ಹಿಂದೊಮ್ಮೆ ಧಾನ್ಯದ ಕಾಳಿನ ತೂಕ. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗಿದ ಹಾಗೆಯೇ ಅದೂ. ಇಂಥ ಎರಡು ಮೂರು ಕಾಳಿನಷ್ಟು ವ್ಯತ್ಯಾಸವೂ ಸಣ್ಣ ಪಿಸ್ತೂಲಿನ ತೋಟಾದಲ್ಲಿ ಅಪಾಯಕ್ಕೆ ಸಾಕು. ಮದ್ದು ಹೆಚ್ಚಾದರೆ ಒತ್ತಡ ಮಿತಿಮೀರಿ ಬಂದೂಕೇ ಸಿಡಿಯಬಹುದು. ತೀರಾ ಕಡಿಮೆಯಾದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಹಿಂದೆಯೇ ಹೊಡೆದ ಇನ್ನೊಂದು ಈಡು ಅದಕ್ಕೆ ಹೋಗಿ ಬಡಿಯಬಹುದು. ಕಾಯಿಲೆ ವಾಸಿಮಾಡುವುದಕ್ಕೂ ಕೋವಿ ಸಿಡಿಸುವುದಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ: ಮದ್ದು. ಎರಡರ ಗುಣವನ್ನೂ ತೀರ್ಮಾನಿಸುವುದು ಅಳತೆಯೇ.

ಪ್ರತಿ ತೋಟಾಕ್ಕೂ ಮದ್ದನ್ನು ತಕ್ಕಡಿಯಲ್ಲಿ ತೂಗುತ್ತ ಕೂತರೆ ಕೆಲಸ ಸಾಗದು. ಆದ್ದರಿಂದ ಪೌಡರ್ ಮೆಷರ್ ಎಂಬ ಉಪಕರಣವಿದೆ. ಮೇಲೊಂದು ಡಬ್ಬಿ, ಕೆಳಗೆ ಗುಳಿಯಿರುವ ಒಂದು ಉರುಳೆ. ಹಿಡಿಯನ್ನು ಒಂದು ಕಡೆಗೆ ತಿರುಗಿಸಿದಾಗ ಗುಳಿ ತುಂಬುತ್ತದೆ, ಮರಳಿ ತಿರುಗಿಸಿದಾಗ ಕೋಶಕ್ಕೆ ಸುರಿಯುತ್ತದೆ. ತೊಂದರೆಯ ಬೀಜ ಇಲ್ಲೇ ಇದೆ. ಬೇಕಾಗಿರುವುದು ತೂಕ, ಉಪಕರಣ ಕೊಡುವುದು ಗಾತ್ರ. ಪಾವಿನಲ್ಲಿ ಅಕ್ಕಿ ಅಳೆದವರಿಗೆಲ್ಲ ಇದು ಗೊತ್ತು: ಕುಲುಕಿ ಅಳೆದರೆ ಒಂದು, ಹಾಗೆಯೇ ಅಳೆದರೆ ಇನ್ನೊಂದು, ಅವಲಕ್ಕಿಯ ಪಾವು ಅಕ್ಕಿಯ ಪಾವಿನಷ್ಟು ಭಾರವಿಲ್ಲ.

ಒಂದು ಸಂಜೆ ಅದೇ ಉಪಕರಣ, ಅದೇ ಮದ್ದು, ಅದೇ ಕೈ. ಆದರೂ ತಕ್ಕಡಿಯ ಮೇಲೆ ಅಂಕಿ ಒಂದೊಂದು ಸಲಕ್ಕೆ ಒಂದೊಂದು. ಕಾರಣ ಹುಡುಕುವ ಕ್ರಮ ಹವ್ಯಾಸಿಗಳಿಗೆ ಬಾಯಿಪಾಠ. ಕಡ್ಡಿಯಂತೆ ಉದ್ದಕ್ಕಿರುವ ಮದ್ದಿನ ಕಣಗಳು ಉರುಳೆಗೂ ಅದರ ಗೂಡಿಗೂ ನಡುವೆ ಸಿಕ್ಕಿ ತುಂಡಾಗುತ್ತವೆ. ಕೈಗೆ ಕರಕ್ ಎಂದು ತಗಲುವುದು ಅದೇ, ಆ ಸಲದ ಅಳತೆಯನ್ನು ನಂಬುವುದಿಲ್ಲ. ಉರುಟು ಕಣಗಳ ಮದ್ದಾದರೆ ನೀರಿನಂತೆ ಇಳಿಯುತ್ತದೆ, ಏರುಪೇರು ಕಡಿಮೆ. ಡಬ್ಬಿಯಲ್ಲಿ ಮದ್ದಿನ ಮಟ್ಟ ಇಳಿದಂತೆ ಮೇಲಿನ ಭಾರವೂ ಇಳಿದು, ಗುಳಿಯೊಳಗೆ ಕಣಗಳು ಸಡಿಲವಾಗಿ ಕೂರುತ್ತವೆ. ಇದನ್ನು ತಡೆಯಲು ಡಬ್ಬಿಯೊಳಗೆ ಒಂದು ಅಡ್ಡತಗಡು ಇಡುತ್ತಾರೆ, ಮಟ್ಟ ಬಹಳ ಇಳಿಯದಂತೆ ನೋಡಿಕೊಳ್ಳುತ್ತಾರೆ. ಒಣಹವೆಯ ಚಳಿಗಾಲದಲ್ಲಿ ಸ್ಥಾಯೀ ವಿದ್ಯುತ್ತಿನಿಂದ ಕಣಗಳು ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ಹೊಸ ಉಪಕರಣದಲ್ಲಿ ಕಾರ್ಖಾನೆಯ ಎಣ್ಣೆ ಉಳಿದಿದ್ದರೂ ಇದೇ ಪಾಡು. ಬಿಗಿಮಾಡುವ ತಿರುಪು ಸಡಿಲಾಗಿದ್ದರೆ ಅಳತೆ ನಿಧಾನ ಸರಿಯುತ್ತ ಹೋಗುತ್ತದೆ. ಹಿಡಿಯನ್ನು ಒಮ್ಮೆ ಮೆಲ್ಲಗೆ ಒಮ್ಮೆ ಬಿರುಸಾಗಿ ಎಳೆದರೆ ತಪ್ಪು ಕೈಯದು, ಉಪಕರಣದ್ದಲ್ಲ.

ಇಲ್ಲಿ ಗಮನಿಸಬೇಕಾದದ್ದು ತಪ್ಪಿನ ಚಹರೆ. ಅಂಕಿಗಳು ಎರಡೂ ಕಡೆಗೆ ಚದುರಿದರೆ ಕೈಯನ್ನೋ ಕಣಗಳ ಆಕಾರವನ್ನೋ ಸಂಶಯಿಸುತ್ತಾರೆ. ಒಂದೇ ಕಡೆಗೆ ಜಾರಿದರೆ ತಿರುಪು, ಡಬ್ಬಿಯ ಮಟ್ಟ. ಒಂದು ಸಲ ಕಡಿಮೆ ಬಿದ್ದು ಮರುಸಲ ಹೆಚ್ಚು ಬಿದ್ದರೆ, ಇಳಿಗೊಳವೆಯಲ್ಲಿ ಮದ್ದು ಸೇತುವೆಯಂತೆ ಕಟ್ಟಿಕೊಂಡು ಆಮೇಲೆ ಕುಸಿದಿದೆ ಎಂದು ಅರ್ಥ. ಇದು ಎಲ್ಲಕ್ಕಿಂತ ಅಪಾಯದ್ದು. ಹತ್ತು ಸಲದ ಮದ್ದನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುವ ರೂಢಿಯೊಂದುಂಟು. ಉಪಕರಣವನ್ನು ಹೊಂದಿಸಿಕೊಳ್ಳಲು ಅದು ಒಳ್ಳೆಯದೇ. ಆದರೆ ಕಡಿಮೆ ಬಿದ್ದ ಒಂದನ್ನೂ ಹೆಚ್ಚು ಬಿದ್ದ ಇನ್ನೊಂದನ್ನೂ ಸರಾಸರಿ ತನ್ನ ಸೆರಗಿನಡಿ ಮುಚ್ಚಿಟ್ಟುಬಿಡುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಅಂಕಿ ಕುಣಿಯುತ್ತಿದ್ದರೆ? ಆಗ ಇಷ್ಟು ಹೊತ್ತು ನ್ಯಾಯಾಧೀಶನ ಪೀಠದಲ್ಲಿ ಕೂತಿದ್ದ ತಕ್ಕಡಿ ಕಟಕಟೆಗೆ ಬರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಫ್ಯಾನಿನ ಗಾಳಿ ಆಗದು, ಬಿಸಿಯೇರುವ ಮುನ್ನ ತೂಗಿದರೆ ಆಗದು, ಸೊನ್ನೆ ತಾನಾಗಿ ಜರುಗುವುದೂ ಉಂಟು. ತಕ್ಕಡಿಯನ್ನು ಪರೀಕ್ಷಿಸಲು ಪೆಟ್ಟಿಗೆಯಲ್ಲಿಟ್ಟ ತೂಕದ ಬೊಟ್ಟುಗಳನ್ನು ತೆಗೆಯುತ್ತಾರೆ. ಬೆರಳಿನ ಜಿಡ್ಡು ತಗಲದಂತೆ ಚಿಮಟದಲ್ಲೇ ಹಿಡಿಯುತ್ತಾರೆ. ಆ ಬೊಟ್ಟು ಸರಿಯೆಂದು ಹೇಳಿದವರು ಯಾರು? ಇನ್ನೊಂದು ತಕ್ಕಡಿ.

ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದೇ ಸನ್ನಿವೇಶ ಇದೆ. ಅರಿವಿನ ಸಾಧನವೇ ಅರಿಯಬೇಕಾದ ವಸ್ತುವೂ, ಎಂದರೆ ಪ್ರಮೇಯವೂ, ಆಗಬಹುದೇ ಎಂಬ ಆಕ್ಷೇಪಕ್ಕೆ ಸೂತ್ರಕಾರ ತಕ್ಕಡಿಯ ಕಡೆ ಬೆರಳು ಮಾಡುತ್ತಾನೆ. ಭಾಷ್ಯಕಾರ ವಾತ್ಸ್ಯಾಯನ ಅದನ್ನು ಬಿಡಿಸುತ್ತಾನೆ: ಚಿನ್ನದ ತೂಕ ತಿಳಿಯುವಾಗ ತಕ್ಕಡಿ ಪ್ರಮಾಣ, ಚಿನ್ನ ಪ್ರಮೇಯ, ತೂಕ ಗೊತ್ತಿರುವ ಚಿನ್ನದಿಂದ ಬೇರೊಂದು ತಕ್ಕಡಿಯನ್ನು ಪರೀಕ್ಷಿಸುವಾಗ ಚಿನ್ನ ಪ್ರಮಾಣ, ತಕ್ಕಡಿ ಪ್ರಮೇಯ. ಪ್ರಮಾಣತ್ವ ಎಂಬುದು ವಸ್ತುವಿನ ಹುಟ್ಟುಗುಣವಲ್ಲ, ಕೆಲಸದಲ್ಲಿ ಅದು ವಹಿಸುವ ಪಾತ್ರ. ಅಡುಗೆಯವನೇ ಊಟಕ್ಕೆ ಕೂತಾಗ ಉಣ್ಣುವವನಾಗುವ ಹಾಗೆ.

ಈ ಉತ್ತರ ಯಾವ ಆಕ್ಷೇಪವನ್ನು ಎದುರಿಸುತ್ತಿದೆಯೋ ಆ ಆಕ್ಷೇಪಕ್ಕೆ ಅತಿ ಹರಿತವಾದ ರೂಪ ಕೊಟ್ಟವನು ಬೌದ್ಧ ನಾಗಾರ್ಜುನ. ‘ವಿಗ್ರಹವ್ಯಾವರ್ತನಿ’ಯಲ್ಲಿ ಅವನ ವಾದ ಹೀಗೆ ಸಾಗುತ್ತದೆ. ವಸ್ತುಗಳು ಪ್ರಮಾಣದಿಂದ ಸಿದ್ಧವಾಗುವುದಾದರೆ ಪ್ರಮಾಣ ಯಾವುದರಿಂದ ಸಿದ್ಧ? ಇನ್ನೊಂದು ಪ್ರಮಾಣದಿಂದ ಎಂದರೆ ಸರಣಿ ಮುಗಿಯುವುದಿಲ್ಲ. ತಾನಾಗಿಯೇ ಎಂದರೆ ಎಲ್ಲಕ್ಕೂ ಪ್ರಮಾಣ ಬೇಕೆಂಬ ಮೊದಲ ಮಾತೇ ಬಿದ್ದುಹೋಯಿತು. ವಸ್ತುವಿನಿಂದ ಪ್ರಮಾಣ, ಪ್ರಮಾಣದಿಂದ ವಸ್ತು ಎಂದರೆ, ಮಗನಿಂದ ತಂದೆ ಹುಟ್ಟಿದ, ತಂದೆಯಿಂದ ಮಗ ಹುಟ್ಟಿದ ಎಂದಂತೆ. ದೀಪ ತನ್ನನ್ನೂ ಬೆಳಗಿಕೊಂಡು ಪರವಸ್ತುವನ್ನೂ ಬೆಳಗುತ್ತದಲ್ಲ ಎಂಬ ಸಮಾಧಾನವನ್ನೂ ಅವನು ಒಪ್ಪುವುದಿಲ್ಲ: ದೀಪದೊಳಗೆ ಕತ್ತಲೆಯೇ ಇಲ್ಲದಿರುವಾಗ ಅದು ತನ್ನಲ್ಲಿ ಬೆಳಗಿದ್ದಾದರೂ ಏನನ್ನು?

ನಾಗಾರ್ಜುನನ ವಾದಕ್ಕೆ ತರ್ಕದಲ್ಲಿ ಬಿರುಕು ಸಿಗುವುದು ಕಷ್ಟ. ಅವನು ಗೆಲ್ಲುವುದು ‘ಸಿದ್ಧ’ ಎಂದರೆ ಯಾವುದರ ಹಂಗೂ ಇಲ್ಲದೆ ನಿಲ್ಲುವುದು ಎಂದು ಎದುರಾಳಿ ಒಪ್ಪಿದಾಗ. ನ್ಯಾಯದವರು ಅಷ್ಟನ್ನು ಕೇಳುವುದೇ ಇಲ್ಲ. ಬೊಟ್ಟನ್ನು ಪರೀಕ್ಷಿಸಿದ್ದು ಇದೇ ತಕ್ಕಡಿಯಾಗಿದ್ದರೆ ಅದು ನಿಜವಾಗಿ ಸುತ್ತಿ ಮೊದಲಿಗೇ ಬರುವ ವಾದ. ಬೇರೆ ಊರಿನ, ಬೇರೆ ಬಗೆಯ ತಕ್ಕಡಿಯಾಗಿದ್ದರೆ ಅದು ಇನ್ನೊಬ್ಬ ಸಾಕ್ಷಿಯ ಹೇಳಿಕೆ. ಕಡ್ಡಿತಕ್ಕಡಿ, ಎಲೆಕ್ಟ್ರಾನಿಕ್ ತಕ್ಕಡಿ, ಬೊಟ್ಟು ಮೂರೂ ಒಂದೇ ಅಂಕಿ ಹೇಳಿದರೆ, ಮೂರೂ ಒಂದೇ ರೀತಿ ಕೆಟ್ಟಿರಬೇಕು, ಇಲ್ಲವೇ ಅಂಕಿ ಸರಿಯಿರಬೇಕು.

ಸಂಶಯ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರ ಉತ್ತರ ಹೆಚ್ಚು ನೇರ. 7ನೆಯ ಶತಮಾನದ ಕುಮಾರಿಲ ಭಟ್ಟನಿಗೆ ಇದು ಧರ್ಮದ ಪ್ರಶ್ನೆ. ವೇದ ಹೇಳಿದ್ದನ್ನು ಕಣ್ಣಿನಿಂದಾಗಲಿ ಊಹೆಯಿಂದಾಗಲಿ ತಾಳೆ ನೋಡಲಾಗದು. ಪ್ರತಿ ಅರಿವೂ ಇನ್ನೊಂದರಿಂದಲೇ ದೃಢವಾಗಬೇಕಾದರೆ ವೇದ ಎಂದಿಗೂ ಪ್ರಮಾಣವಾಗದು. ಆದ್ದರಿಂದ ಅವನು ಹೇಳುತ್ತಾನೆ: ಅರಿವು ಹುಟ್ಟುವಾಗಲೇ ಪ್ರಮಾಣ, ಅಪ್ರಮಾಣವೆಂದು ತೋರಿಸಬೇಕಾದ ಹೊರೆ ಎದುರಾಳಿಯದು. ಅರಿವನ್ನು ಕೆಡವಬಲ್ಲವು ಎರಡೇ. ವಸ್ತು ಹಾಗಿಲ್ಲವೆಂಬ ವಿರುದ್ಧ ಅರಿವು ಒಂದು, ಅರಿವಿನ ಕಾರಣದಲ್ಲೇ ದೋಷವಿದೆಯೆಂಬ ತಿಳಿವಳಿಕೆ ಇನ್ನೊಂದು. ಸಂಶಯಕ್ಕೆ ಕಾರಣ ಬಂದರೆ ಹುಡುಕು. ಮೂರು ನಾಲ್ಕು ಹೆಜ್ಜೆಯಾಚೆ ಹೋಗಬೇಕಾಗಿಲ್ಲ. ‘ಶ್ಲೋಕವಾರ್ತಿಕ’ದಲ್ಲಿ ಅವನು ಕೊಡುವ ಲೆಕ್ಕ ನಿಜಕ್ಕೂ ಇಷ್ಟೇ, ಮೂರು ಅಥವಾ ನಾಲ್ಕು ಅರಿವು. ತೋಟಾ ತುಂಬುವ ಮೇಜಿನ ಮೇಲೂ ಹೆಜ್ಜೆಗಳು ಅಷ್ಟೇ: ಅಳತೆ, ತಕ್ಕಡಿ, ಬೊಟ್ಟು. ತಿರುಪು, ಎಣ್ಣೆ, ಗಾಳಿ, ಕೈಬಿರುಸು ಎಂದು ಹವ್ಯಾಸಿ ಪಟ್ಟಿಮಾಡುವುದೆಲ್ಲ ಕುಮಾರಿಲನ ಭಾಷೆಯಲ್ಲಿ ಕಾರಣದೋಷಗಳು.

ಆದರೆ ಹುಟ್ಟುವಾಗಲೇ ಪ್ರಮಾಣ ಎಂಬ ನಂಬಿಕೆಯನ್ನು ಕೋವಿಮದ್ದಿನ ಮುಂದೆ ಇಟ್ಟುಕೊಳ್ಳುವುದು ಕ್ಷೇಮವಲ್ಲ. ಡಬ್ಬಿ ತುಂಬಿದೊಡನೆ ಬೀಳುವ ಮೊದಲ ಕೆಲವು ಅಳತೆಗಳನ್ನು ಹವ್ಯಾಸಿಗಳು ನೋಡದೆಯೇ ಮರಳಿ ಡಬ್ಬಿಗೆ ಸುರಿಯುತ್ತಾರೆ. ಅವು ತಪ್ಪೆಂದು ಯಾರೂ ತೋರಿಸಿಲ್ಲ, ಆದರೂ ನಂಬುವುದಿಲ್ಲ. ಇಲ್ಲಿ ನ್ಯಾಯದವರ ಪರತಃಪ್ರಾಮಾಣ್ಯ, ಎಂದರೆ ಅರಿವಿನ ಸರಿತನ ಬೇರೊಂದರಿಂದ ಗೊತ್ತಾಗಬೇಕೆಂಬ ಮತ, ಬದುಕಿಗೆ ಹತ್ತಿರ. ಅವರ ಒರೆಗಲ್ಲು ಫಲ ಕೊಟ್ಟ ಪ್ರವೃತ್ತಿ: ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದರೆ ಬಾಯಾರಿಕೆ ಹೋಯಿತು, ಕಂಡದ್ದು ನಿಜ. ತೋಟಾದ ವಿಷಯದಲ್ಲಿ ಈ ಒರೆಗಲ್ಲಿಗೂ ಬೆಲೆ ಬಹಳ. ಹಾರಿಸಿ ನೋಡಿದರೆ ಅಳತೆ ಸರಿಯೋ ತಪ್ಪೋ ತಿಳಿಯುತ್ತದೆ, ಆದರೆ ತಿಳಿಯುವ ಹೊತ್ತಿಗೆ ಬೆರಳುಗಳು ಉಳಿದಿರಬೇಕಲ್ಲ.

ಕಾಶ್ಮೀರದ ಜಯಂತ ಭಟ್ಟ 9ನೆಯ ಶತಮಾನದಲ್ಲಿ ಬರೆದ ‘ನ್ಯಾಯಮಂಜರಿ’ಯಲ್ಲಿ ಈ ತೊಡಕನ್ನು ಕಂಡಿದ್ದಾನೆ. ನೀರು ಕಂಡಂಥ ದಿನದಿನದ ವಿಷಯಗಳಲ್ಲಿ ಸಂಶಯ ಇಟ್ಟುಕೊಂಡೇ ಹೆಜ್ಜೆ ಹಾಕಬಹುದು. ಸೋತರೆ ನಷ್ಟ ಅಲ್ಪ. ಬಹುಧನವ್ಯಯದ, ಬಹುಶ್ರಮದ, ಫಲ ಕಣ್ಣಿಗೆ ಕಾಣದ ಯಜ್ಞದಲ್ಲಿ ಹಾಗಾಗದು, ಮಾತಿನ ಪ್ರಾಮಾಣ್ಯ ಮೊದಲೇ ನಿಶ್ಚಯವಾಗಬೇಕು. ಆ ನಿಶ್ಚಯ ಬರುವುದು ಹೇಳಿದವನು ಆಪ್ತ, ಎಂದರೆ ಬಲ್ಲವನೂ ಹಿತೈಷಿಯೂ ನಂಬತಕ್ಕವನೂ ಎಂಬುದರಿಂದ. ವೇದದ ಪ್ರಾಮಾಣ್ಯಕ್ಕೆ ನ್ಯಾಯಸೂತ್ರ ಕೊಡುವ ಹೋಲಿಕೆ ಆಯುರ್ವೇದ, ಮತ್ತೆ ಮದ್ದೇ. ಪರೀಕ್ಷೆಯ ಫಲ ತಡವಾಗಿ ಬರುವಲ್ಲಿ ಶಬ್ದಪ್ರಮಾಣಕ್ಕೆ, ಎಂದರೆ ಆಪ್ತನ ಮಾತಿಗೆ, ಮೊರೆಹೋಗುವುದು ಕುರುಡುನಂಬಿಕೆಯಲ್ಲ ಎಂಬುದಕ್ಕೆ ಅಮೆರಿಕದ ಹವ್ಯಾಸಿಯೇ ಸಾಕ್ಷಿ. ಮದ್ದು ತಯಾರಿಸುವ ಕಂಪನಿಗಳು ಒತ್ತಡ ಅಳೆದು ಅಚ್ಚುಹಾಕಿದ ಕೈಪಿಡಿಯನ್ನು ಬಿಟ್ಟು ಅವನು ತನ್ನ ಬುದ್ಧಿಯಿಂದ ಒಂದು ಗ್ರೇನನ್ನೂ ಏರಿಸುವುದಿಲ್ಲ. ಕೈಪಿಡಿಯಲ್ಲೂ ಗರಿಷ್ಠ ಅಂಕಿಯಿಂದ ಶುರುಮಾಡದೆ ಕೆಳಗಿನ ಅಂಕಿಯಿಂದ ಮೇಲಕ್ಕೆ ಹೋಗುತ್ತಾನೆ. ಆಪ್ತವಾಕ್ಯವನ್ನು ನಂಬುತ್ತಲೇ ಅದನ್ನು ಪರೀಕ್ಷಿಸುವ ಈ ನಡೆ ಜಯಂತನಿಗೆ ಮೆಚ್ಚುಗೆಯಾಗುತ್ತಿತ್ತು ಎನ್ನಬಹುದು.

ನ್ಯಾಯದವನೇ ಆದ 10ನೆಯ ಶತಮಾನದ ಉದಯನ ಸಂಶಯಕ್ಕೆ ಇನ್ನೊಂದು ಬೇಲಿ ಹಾಕಿದ. ಸಂಶಯಕ್ಕೂ ಮೇರೆಯುಂಟು, ಸಂಶಯಿಸುವವನ ನಡತೆಯೇ ಅವನ ಸಂಶಯವನ್ನು ಸುಳ್ಳುಮಾಡುವ ಜಾಗವೇ ಆ ಮೇರೆ. ಅನ್ನ ಹಸಿವು ಕಳೆಯುತ್ತದೋ ಇಲ್ಲವೋ ಎನ್ನುತ್ತಲೇ ದಿನವೂ ಎಲೆಯ ಮುಂದೆ ಕೂರುವವನ ಸಂಶಯ ಬಾಯಿಮಾತಿನದು. 12ನೆಯ ಶತಮಾನದಲ್ಲಿ ಶ್ರೀಹರ್ಷ ಈ ಬೇಲಿಯನ್ನೂ ಅಲುಗಿಸಿದ: ನಡತೆಗೂ ಸಂಶಯಕ್ಕೂ ವಿರೋಧವಿದೆ ಎನ್ನಬೇಕಾದರೆ ಸಂಶಯ ಇದ್ದೇ ಇದೆಯಲ್ಲ, ಅದು ಸತ್ತದ್ದೆಲ್ಲಿ? ಮಾತಿನ ಮಟ್ಟಿಗೆ ಶ್ರೀಹರ್ಷನದೇ ಮೇಲುಗೈ. ಆದರೂ ತಕ್ಕಡಿ ಸರಿಯಿಲ್ಲವೇನೋ ಎನ್ನುತ್ತಲೇ ತೋಟಾವನ್ನು ಬಂದೂಕಿಗೆ ತುರುಕುವವನಿಗೆ ಇರುವುದು ಸಂಶಯವಲ್ಲ, ಸೋಮಾರಿತನ.

ಈ ಸೋಮಾರಿತನಕ್ಕೂ ಧರ್ಮಗ್ರಂಥಗಳ ಅಳತೆಯ ಕಟ್ಟಳೆಗಳಿಗೂ ಸಂಬಂಧವಿದೆ. ಯೆಹೂದ್ಯರ ಜ್ಞಾನೋಕ್ತಿಗಳು ಎರಡು ಬಗೆಯ ತೂಕದ ಕಲ್ಲುಗಳನ್ನು ದೇವರಿಗೆ ಹೇಸಿಗೆ ಎನ್ನುತ್ತವೆ. ಕುರ್‌ಆನಿನ 83ನೆಯ ಸೂರೆಗೆ ಹೆಸರೇ ಅಳತೆಯಲ್ಲಿ ಕಡಿಮೆ ಕೊಡುವವರದು. ಜೈನರ ತತ್ತ್ವಾರ್ಥಸೂತ್ರ ಹೆಚ್ಚುಕಡಿಮೆಯ ಅಳತೆ ಇಟ್ಟುಕೊಳ್ಳುವುದನ್ನು ಅಸ್ತೇಯವ್ರತದ, ಎಂದರೆ ಕದಿಯದಿರುವ ವ್ರತದ, ಅತಿಚಾರಗಳಲ್ಲಿ ಎಣಿಸುತ್ತದೆ. ಇವೆಲ್ಲ ಮೋಸವನ್ನು ಉದ್ದೇಶಿಸಿದವು, ಕೆಟ್ಟ ತಿರುಪನ್ನಲ್ಲ. ಆದರೆ ಮನುಸ್ಮೃತಿ ಆರು ತಿಂಗಳಿಗೊಮ್ಮೆ ತೂಕದ ಸಾಮಾನನ್ನು ರಾಜ ಪರೀಕ್ಷಿಸಬೇಕೆನ್ನುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ತಿಂಗಳಿಗೊಮ್ಮೆ ಎನ್ನುತ್ತದೆ. ಬೊಟ್ಟುಗಳನ್ನು ಕಬ್ಬಿಣದಿಂದಲೋ ಮಗಧ, ಮೇಕಲದ ಕಲ್ಲಿನಿಂದಲೋ, ನೀರಿಗೆ ಉಬ್ಬದ, ಬಿಸಿಗೆ ಕುಗ್ಗದ ವಸ್ತುವಿನಿಂದಲೋ ಮಾಡಬೇಕೆಂದೂ ಸೇರಿಸುತ್ತದೆ. ಕಳ್ಳನಿಲ್ಲದೆಯೂ ಅಳತೆ ಕೆಡುತ್ತದೆ ಎಂಬುದನ್ನು ಕೌಟಿಲ್ಯ ಬಲ್ಲ. ಕೆಟ್ಟದ್ದನ್ನು ಗಮನಿಸದೆ ಬಿಟ್ಟವನು ನಿರಪರಾಧಿಯಲ್ಲ ಎಂಬುದು ಈ ಅವಧಿ ಕಟ್ಟಳೆಗಳ ಒಳಮಾತು.

ಪ್ರಶ್ನೆ ಕನ್ನಡ ನಾಡಿಗೆ ಬಂದಾಗ ಬೇರೊಂದು ತಿರುವು ಪಡೆಯಿತು. ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ‘ಪ್ರಮಾಣಲಕ್ಷಣ’ ಬರೆದರು. ಮಳಖೇಡದಲ್ಲಿ ಬೃಂದಾವನವಿದೆಯೆಂದು ಹೇಳಲಾಗುವ ಜಯತೀರ್ಥರು ಅದೇ ವಿಷಯವನ್ನು ‘ಪ್ರಮಾಣಪದ್ಧತಿ’ಯಲ್ಲಿ ಎಳೆಯ ವಿದ್ಯಾರ್ಥಿಗೂ ತಿಳಿಯುವಂತೆ ಅಡಕಮಾಡಿದರು. ವಿಜಯನಗರದ ವ್ಯಾಸತೀರ್ಥರ ‘ತರ್ಕತಾಂಡವ’ ಶುರುವಾಗುವುದೇ ಪ್ರಾಮಾಣ್ಯದ ಚರ್ಚೆಯಿಂದ. ಮಧ್ವರ ಹಾದಿಯ ಈ ದ್ವೈತಿಗಳೂ ಕುಮಾರಿಲನಂತೆ ಸ್ವತಃಪ್ರಾಮಾಣ್ಯವಾದಿಗಳೇ, ಎಂದರೆ ಅರಿವು ತಾನಾಗಿಯೇ ಪ್ರಮಾಣ ಎನ್ನುವವರೇ, ಆದರೆ ಸರಪಳಿಯ ಕೊನೆಗೆ ಅವರು ಒಂದು ಗೂಟ ನೆಡುತ್ತಾರೆ. ಕಣ್ಣು, ಕಿವಿ, ಮನಸ್ಸು ತಪ್ಪಬಹುದು. ಆತ್ಮನ ಸ್ವರೂಪವೇ ಆದ ಸಾಕ್ಷಿ ತಪ್ಪದು. ಅರಿವನ್ನೂ ಅದರ ಸರಿತನವನ್ನೂ ಹಿಡಿಯುವುದು ಅದೇ. ಸಂಶಯ ಬಂದಾಗ ಪರೀಕ್ಷೆ ಬೇಕು, ಆದರೆ ಪರೀಕ್ಷೆ ಸರಿತನವನ್ನು ಹುಟ್ಟಿಸುವುದಿಲ್ಲ, ಅಡ್ಡವಿದ್ದ ಸಂಶಯವನ್ನು ತೆಗೆಯುತ್ತದೆ, ಅಷ್ಟೇ. ನನಗೆ ನೋವಾಗುತ್ತಿದೆಯೋ ಇಲ್ಲವೋ ಎಂದು ಯಾರೂ ಇನ್ನೊಬ್ಬರನ್ನು ಕೇಳುವುದಿಲ್ಲ. ಎಲ್ಲ ಪರೀಕ್ಷೆಗಳೂ ಕೊನೆಗೆ ಅಂಥದೊಂದು ನೇರ ಅನುಭವದಲ್ಲಿ ಬಂದು ನಿಲ್ಲುತ್ತವೆ.

ಈ ವಾದಕ್ಕೆ ಬಲವಿದೆ, ದೌರ್ಬಲ್ಯವೂ ಇದೆ. ಬೊಟ್ಟು ಇಟ್ಟ ಮೇಲೆ ತಕ್ಕಡಿಯ ಅಂಕಿ ಓದಿ ‘ಸರಿ’ ಎಂದುಕೊಳ್ಳುವವನು ಒಬ್ಬ ಬೇಕೇ ಬೇಕು, ಅವನನ್ನು ತೂಗುವ ತಕ್ಕಡಿಯಿಲ್ಲ. ಉಪಕರಣಗಳನ್ನು ಎಷ್ಟು ಜೋಡಿಸಿದರೂ ಈ ಜಾಗ ಖಾಲಿಯೇ ಉಳಿಯುತ್ತದೆ, ಸಾಕ್ಷಿ ಅದನ್ನು ತುಂಬುತ್ತದೆ. ಆದರೆ ‘ಸರಿ’ ಎಂದುಕೊಂಡ ದೃಢತೆ ಸಾಕ್ಷಿಯದೋ ದಣಿದ ಮನಸ್ಸಿನದೋ ಎಂದು ಒಳಗಿನಿಂದ ಬೇರೆಮಾಡುವುದು ಸುಲಭವಲ್ಲ. ಒಂದೇ ಕೋಶಕ್ಕೆ ಎರಡು ಸಲ ಮದ್ದು ಸುರಿದವನಿಗೂ ಸುರಿಯುವಾಗ ಪೂರ್ತಿ ನಿಶ್ಚಯವಿತ್ತು.

ತಕ್ಕಡಿಗಳ ಸರಪಳಿಗೆ ಲೋಕದಲ್ಲೊಂದು ಕೊನೆಯ ಕೊಂಡಿ ಇತ್ತು. ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಗಾಜಿನ ಮುಚ್ಚಳಗಳಡಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆ 1889ರಿಂದ ಜಗತ್ತಿಗೆ ಕಿಲೋಗ್ರಾಂ. ಅಲ್ಲೇ ಇದ್ದ ಮಾನದಂಡದ ಮೀಟರಿನ ಬಗ್ಗೆ, ಅದು ಒಂದು ಮೀಟರ್ ಉದ್ದವಿದೆ ಎಂದೂ ಇಲ್ಲವೆಂದೂ ಹೇಳಲಾಗದು ಎಂಬ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನನ ಮಾತು 1953ರಲ್ಲಿ ಅಚ್ಚಾಯಿತು. ನ್ಯಾಯದವರು ಇದನ್ನು ಒಪ್ಪುತ್ತಿರಲಿಲ್ಲ. ತಕ್ಕಡಿಯನ್ನೂ ತೂಗಬಹುದು ಎಂಬುದೇ ಅವರ ಪಟ್ಟು. 1988ರಿಂದ 1992ರವರೆಗೆ ಆ ಉರುಳೆಯನ್ನು ಅದರ ಪ್ರತಿಗಳೊಂದಿಗೆ ತಾಳೆ ನೋಡಿದಾಗ, ನೂರು ವರ್ಷದಲ್ಲಿ ಅವುಗಳ ನಡುವೆ ಸುಮಾರು 50 ಮೈಕ್ರೋಗ್ರಾಂ ಅಂತರ ಬೆಳೆದಿತ್ತು. ಒಂದು ಗ್ರೇನಿನ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹಗುರಾದದ್ದು ಮೂಲವೋ, ಭಾರವಾದದ್ದು ಪ್ರತಿಗಳೋ? ವ್ಯಾಖ್ಯೆಯ ಪ್ರಕಾರ ಮೂಲ ತಪ್ಪುವಂತೆಯೇ ಇರಲಿಲ್ಲ. 2019ರ ಮೇ 20ರಿಂದ ಆ ಉರುಳೆಯನ್ನು ಪೀಠದಿಂದ ಇಳಿಸಿ, ಪ್ಲಾಂಕ್ ಸ್ಥಿರಾಂಕಕ್ಕೆ ಒಂದು ಅಂಕಿ ನಿಗದಿಮಾಡಿ, ಕಿಲೋಗ್ರಾಮನ್ನು ಅದಕ್ಕೆ ಕಟ್ಟಿದರು. ಪ್ರಮಾಣವಾಗಿದ್ದ ಉರುಳೆ ಅಂದಿನಿಂದ ಪ್ರಮೇಯ. ಅದನ್ನೂ ಈಗ ಉಳಿದ ಬೊಟ್ಟುಗಳಂತೆ ತೂಗುತ್ತಾರೆ.

ಮನೆಯ ಮೇಜಿನ ಮೇಲೆ ಸರಪಳಿ ಇಷ್ಟು ಉದ್ದವಿರುವುದಿಲ್ಲ. ತುಂಬುವ ನಡುವೆ ತಕ್ಕಡಿ ಜರುಗಿದ್ದು ಗೊತ್ತಾದರೆ, ಹಿಂದೆ ಬೊಟ್ಟು ಇಟ್ಟು ಸರಿಯೆಂದು ಕಂಡ ಗಳಿಗೆಯಿಂದ ಈಚೆಗೆ ತುಂಬಿದ ತೋಟಾಗಳನ್ನೆಲ್ಲ ಬಿಚ್ಚಿ, ಗುಂಡು ಕಿತ್ತು, ಮದ್ದನ್ನು ಹೊರಗೆ ಸುರಿದು ಮತ್ತೆ ತೂಗುತ್ತಾರೆ. ಅದಕ್ಕೆಂದೇ ಸುತ್ತಿಗೆಯಾಕಾರದ ಒಂದು ಉಪಕರಣ ಸಿಗುತ್ತದೆ.